ಎಮ್ಮೆಗಳ ಕಾಲಡಿಯ ಗೆರೆ

1925ನೇ ಇಸವಿ ಜನವರಿ ಒಂಬತ್ತು, ಶುಕ್ರವಾರ. ಉದಕಮಂಡಲದಿಂದ ಕೆತ್ತಿಯ ಕಡೆಗೆ ಇಳಿಯುವ ದಾರಿಯ ಠಾಣೆಯೊಳಗೆ ಮೊದಲು ಮಂಜು ಬಂತು, ಅದರ ಹಿಂದೆಯೇ ಒಬ್ಬ ಹೆಂಗಸು ಬಂದಳು. ಸಬ್ ಇನ್‌ಸ್ಪೆಕ್ಟರ್ ಜಯರಾಮನ್ ಮೇಜಿನ ಮುಂದೆ ಕೂತು ಕಂಬಳಿಯೊಳಗೆ ಕೈ ಹುದುಗಿಸಿಕೊಂಡಿದ್ದವರು, ಬಂದದ್ದು ನಿಜವಾಗಿಯೂ ಹೆಂಗಸೇ ಅಥವಾ ತಮ್ಮ ಅರೆನಿದ್ದೆಯ ಕಿತಾಪತಿಯೇ ಎಂದು ಒಂದು ಕ್ಷಣ ನೋಡುತ್ತ ಉಳಿದರು. ಕೊಯಮತ್ತೂರಿನ ಬಿಸಿಲಲ್ಲಿ ಹನ್ನೆರಡು ವರ್ಷ ಚುರುಕಾಗಿ ದುಡಿದ ಮನುಷ್ಯ ಈ ಬೆಟ್ಟಕ್ಕೆ ವರ್ಗವಾಗಿ ಬಂದ ಮೇಲೆ ಎಚ್ಚರಕ್ಕೂ ನಿದ್ದೆಗೂ ನಡುವಿನ ಗೋಡೆಯನ್ನೇ ಕಳೆದುಕೊಂಡಿದ್ದರು. ಕಾನ್‌ಸ್ಟೆಬಲ್ ಮಾದ ಇದನ್ನು ಬಲ್ಲವನಾದ್ದರಿಂದ, ಸಾಹೇಬರು ಕಣ್ಣು ಮಿಟುಕಿಸುವವರೆಗೂ ಕಾದು, ನಂತರ ಕೆಮ್ಮಿದ.

"ಕೂತ್ಕೊಳ್ಳಮ್ಮ. ಏನು ದೂರು?"

ಹೆಂಗಸು ಕೂರಲಿಲ್ಲ. ಅವಳ ಸೀರೆಯ ಅರ್ಧ ಒದ್ದೆಯಾಗಿತ್ತು. ಹೆಸರು ವಳ್ಳಿ, ಗೂಡಲೂರು ಕಡೆಯವಳು. ಗಂಡ ಅಯ್ಯಪ್ಪನ್ ಕುದುರೆಯ ಮೇಲೆ ಆಲೂಗಡ್ಡೆ ಮೂಟೆ ಹೇರಿಕೊಂಡು ತೊರೆಹಟ್ಟಿಯಿಂದ ಕೆತ್ತಿ ರೈಲ್ವೆ ಸ್ಟೇಷನ್ನಿಗೆ ಸಾಗಿಸುತ್ತಿದ್ದ. ಈ ಬೆಳಗ್ಗೆ ತೊರೆಗೆ ಅಡ್ಡ ಹಾಕಿದ ಕಲ್ಲುಚಪ್ಪಡಿ ನಡುವೆ ಮುರಿಯಿತು. ಕುದುರೆ ಹೇಗೋ ಎದ್ದು ಬಂತು. ಅಯ್ಯಪ್ಪನ್‌ಗೆ ತಲೆ ಬಂಡೆಗೆ ಬಡಿದಿತ್ತು.

"ತಾನಾಗಿ ಮುರಿದಿಲ್ಲ ಸಾಮಿ. ಮುರಿಸಿದ್ದಾರೆ."

"ಯಾರು?"

"ಆಚೆ ದಡದ ಕಲ್ಲು ಒಡೆಯೋನು, ಜಡೆಯ. ಮೊನ್ನೆ ಎಲ್ಲರ ಮುಂದೆ ಅಂದ, ಈ ಕಲ್ಲಿನ ಮೇಲೇ ಒಂದಿನ ಕುದುರೆ ಸಮೇತ ಬಿದ್ದು ಸಾಯ್ತೀಯ ಅಂತ. ಅವನು ಅಂದ ಹಂಗೇ ಆಯ್ತಲ್ಲ."

ಅವಳು ಅಳಲಿಲ್ಲ. ಯಾರು ಮಾಡಿದ್ದೆಂದು ತಿಳಿಯದೆ ಗಂಡನ ಹೆಣ ಮಣ್ಣು ಮಾಡುವುದಿಲ್ಲ ಎಂದಷ್ಟೇ ಹೇಳಿದಳು. ಜಯರಾಮನ್ ಹನ್ನೊಂದು ಗಂಟೆಗೆ ಎಫ್‌ಐಆರ್ ಬರೆಸಿ, ಅನುಮಾನಾಸ್ಪದ ಸಾವು ಎಂದು ನಮೂದಿಸಿ, ಹೆಬ್ಬೆಟ್ಟು ಹಾಕಿಸಿಕೊಂಡು, ಮಾದನನ್ನು ಕರೆದುಕೊಂಡು ಹೊರಟರು.

ತೊರೆಹಟ್ಟಿ ಇಪ್ಪತ್ತು ಮನೆಗಳ, ಈ ಬೆಟ್ಟದ ಬಡಗ ಜನರ ಹಟ್ಟಿ. ಸಾಲಾಗಿ ಅಂಟಿಕೊಂಡ ಮನೆಗಳು, ಮುಂದೆ ಹಸಿರು ಅಂಗಳ, ಕೆಳಗೆ ಆಲೂಗಡ್ಡೆ, ಕೋಸು, ಕ್ಯಾರೆಟ್ಟಿನ ಪಾತಿಗಳು, ಅದರಾಚೆ ತೊರೆ. ಅಂದು ಮಂಜಿನಲ್ಲಿ ಇದ್ಯಾವುದೂ ಒಟ್ಟಿಗೆ ಕಾಣಲಿಲ್ಲ. ಒಂದು ಬಾಗಿಲು ಕಾಣುತ್ತಿತ್ತು, ಮರೆಯಾಗುತ್ತಿತ್ತು. ಒಂದು ಎಮ್ಮೆಯ ಮುಖ ಮಾತ್ರ ತೇಲಿ ಬಂದು ಜಯರಾಮನ್ನರನ್ನು ಚೆನ್ನಾಗಿ ನೋಡಿ, ಇವರಿಂದ ಏನೂ ಆಗುವುದಿಲ್ಲ ಎಂಬಂತೆ ಹಿಂದೆ ಸರಿಯಿತು. ತೊರೆಯ ಸದ್ದು ಮಾತ್ರ ಎಲ್ಲ ಕಡೆಯಿಂದಲೂ ಕೇಳುತ್ತಿತ್ತು.

ಚಪ್ಪಡಿ ಎರಡು ತುಂಡಾಗಿತ್ತು. ಎರಡು ತುಂಡುಗಳ ಹೊರತುದಿಗಳು ದಡದ ಕಟ್ಟೆಗಳ ಮೇಲೆಯೇ ಉಳಿದು, ಮುರಿದ ತುದಿಗಳು ನೀರಿಗೆ ಇಳಿಬಿದ್ದಿದ್ದವು. ಆಳೆತ್ತರದ ಉದ್ದ, ಗೇಣುದಪ್ಪ. ಎಷ್ಟೋ ಕಾಲದಿಂದ ಹಟ್ಟಿಯ ದನ, ಜನ, ಮೂಟೆ ಎಲ್ಲ ಅದರ ಮೇಲೆಯೇ ದಾಟಿದ್ದವು. ಮಾದ ಮೊಣಕಾಲುದ್ದದ ನೀರಿಗೆ ಇಳಿದು ಮುರಿದ ತುದಿಯ ಕೆಳಗೆ ಕೈ ಹಾಕಿದ. ಅವನ ಮುಖ ಬದಲಾಯಿತು.

"ಸಾಹೇಬ್ರೆ, ಅಡಿಯಲ್ಲಿ ಗೆರೆ ಕೊರೆದಿದ್ದಾರೆ. ಉಳಿ ಗುರುತು ಕೈಗೆ ಹತ್ತುತ್ತದೆ. ಈ ಅಂಚಿಂದ ಆ ಅಂಚಿಗೆ."

ಜಯರಾಮನ್ ಬೂಟು ಕಳಚಿ, ಹಲ್ಲು ಕಚ್ಚಿ ತಾವೂ ಇಳಿದರು. ನೀರು ಎಲುಬಿಗೇ ಹೊಕ್ಕಿತು. ಬೆರಳಿಗೆ ಸಿಕ್ಕಿತು ಗೆರೆ, ಎರಡು ಬೆರಳು ಆಳದ್ದು, ನೇರವಾದದ್ದು. ಕಲ್ಲು ಸರಿಯಾಗಿ ಆ ಗೆರೆಯ ಗುಂಟ ಮುರಿದಿತ್ತು. ರೈಲು ದಾರಿಯ ಇಬ್ಬರು ಗ್ಯಾಂಗ್ ಆಳುಗಳನ್ನು ಪಂಚರನ್ನಾಗಿ ಕರೆಸಿ ಸ್ಥಳ ಪಂಚನಾಮೆ ಬರೆಸಿದರು: ಚಪ್ಪಡಿಯ ಕೆಳಮೈಯಲ್ಲಿ ಅಡ್ಡಲಾಗಿ ಉಳಿಯಿಂದ ಕೊರೆದ ಗೆರೆ ಇರುವುದು, ಚಪ್ಪಡಿ ಅದೇ ಗೆರೆಯಲ್ಲಿ ತುಂಡಾಗಿರುವುದು. ಆಚೆ ದಡದ ಗುಡಿಸಲಿನಲ್ಲಿ ಜಡೆಯನ ಉಳಿಗಳು ಸಿಕ್ಕವು. ಮುದುಮಲೆಯ ಕಾಡಿನಿಂದ ರಸ್ತೆ ಕೆಲಸಕ್ಕೆ ಬಂದು ಇಲ್ಲಿಯೇ ಉಳಿದುಬಿಟ್ಟ ಒಂಟಿ ಮನುಷ್ಯ. ಉಳಿಗಳ ಜೊತೆ ಜಡೆಯನೂ ಸಿಕ್ಕ. ಓಡಿಹೋಗಲು ಅವನಿಗೆ ತೋಚಿಯೇ ಇರಲಿಲ್ಲ.

ತೊರೆಗೆ ತೀರ ಹತ್ತಿರದ ಮನೆ ರಂಗಿ ಎಂಬ ಮುದುಕಿಯದು. ಜಯರಾಮನ್ ಬಾಗಿಲಲ್ಲಿ ನಿಂತು ಕೇಳಿದರು.

"ಹೆತ್ತೆ, ಬೆಳಗ್ಗೆ ಸದ್ದು ಕೇಳಿತಾ?"

ಬಡಗರು ಅಜ್ಜಿಯನ್ನು ಕರೆಯುವ ಆ ಮಾತನ್ನು ಅವರು ಮಾದನಿಂದ ಕಲಿತಿದ್ದರು. ಉಳಿದದ್ದಕ್ಕೆ ಅವರ ತಾಯಿಯ ಕೊಳ್ಳೇಗಾಲದ ಕನ್ನಡ ಸಾಕಾಗುತ್ತಿತ್ತು. ಹಟ್ಟಿಯ ಮಾತು ಅದರ ದೊಡ್ಡಮ್ಮನಂತೆ ಕೇಳುತ್ತಿತ್ತು.

"ತೊರೆ ಸದ್ದು ಯಾವಾಗ್ಲೂ ಇರ್ತದೆ, ಸಾಮಿ."

"ಕಲ್ಲಿನ ಹತ್ತಿರ ಯಾರಾದರೂ ಕೆಲಸ ಮಾಡಿದ್ದು ಕಂಡಿರಾ?"

"ಇಲ್ಲ."

"ಕೈಗೆ ಏನಾಯಿತು?"

ಅವಳ ಬಲಗೈಗೆ ಮೊಣಕೈಯಿಂದ ಬೆರಳ ತನಕ ಬಟ್ಟೆ ಸುತ್ತಿತ್ತು. "ಇಬ್ಬನಿ ಗಡ್ಡೆಕಟ್ಟಿತ್ತು, ಜಾರಿದೆ," ಎಂದಳು. ಆ ತಿಂಗಳಲ್ಲಿ ಜಾರದವರೇ ಕಡಿಮೆ. ಜಯರಾಮನ್ ಬರೆದುಕೊಳ್ಳಲೂ ಇಲ್ಲ.

ಸಂಜೆ ಐದಕ್ಕೆ ಠಾಣೆಯಲ್ಲಿ ಜಡೆಯನ ವಿಚಾರಣೆ ನಡೆಯಿತು.

"ಅಯ್ಯಪ್ಪನ್‌ಗೆ ಸಾಯ್ತೀಯ ಅಂದದ್ದು ನಿಜವೋ?"

"ನಿಜ."

"ಯಾಕೆ ಅಂದೆ?"

"ಕಲ್ಲಿನ ದನಿ ಕೆಟ್ಟಿತ್ತು."

"ಏನು?"

"ಮುಂಚೆ ಕುದುರೆ ಕಾಲಿಟ್ರೆ ಗಂಟೆ ಹಂಗೆ ಅಂತಿತ್ತು. ಮಳೆಗಾಲ ಕಳೆದ ಮೇಲೆ ಬರಬರ್ತಾ ಮಡಕೆ ಬಡಿದಂಗೆ ಆಯ್ತು. ಹಟ್ಟಿಯೋರಿಗೆ ಹೇಳಿದೆ, ನಕ್ಕರು. ಕುದುರೆಯೋನಿಗೆ ಹೇಳಿದೆ, ಬೈದ. ಆಮೇಲೆ ನಾನೂ ಬೈದೆ."

"ಅಡಿಯ ಗೆರೆ ಯಾರು ಕೊರೆದದ್ದು?"

"ಅಡಿಯಲ್ಲಿ ಗೆರೆ ಇದೆಯಾ?" ಎಂದು ಜಡೆಯ ತಿರುಗಿ ಕೇಳಿದ.

ಸರ್ಕಲ್ ಇನ್‌ಸ್ಪೆಕ್ಟರು ಮರುದಿನ ಬಂದು ಕೈಗಳನ್ನು ಉಜ್ಜಿಕೊಂಡರು. ಬೆದರಿಕೆ ಇದೆ, ಉಳಿ ಇದೆ, ಗೆರೆ ಇದೆ, ಹೆಣ ಇದೆ, ಇನ್ನೇನು ಬೇಕು? ಕೊಲೆಯ 302ನೇ ಕಲಂ ಸೇರಿಸಿ, ಹದಿನೈದು ದಿನದೊಳಗೆ ಆರೋಪಪಟ್ಟಿ ಮುಗಿಸಿ ಎಂದರು. ಮ್ಯಾಜಿಸ್ಟ್ರೇಟರು ಜಡೆಯನನ್ನು ಸಬ್‌ಜೈಲಿಗೆ ಕಳಿಸಿದರು. ಕೋರ್ಟಿನ ಮೆಟ್ಟಿಲಿಳಿಯುವಾಗ ಜಡೆಯ ಜಯರಾಮನ್ನರನ್ನು ಕೇಳಿದ್ದು ಒಂದೇ ಮಾತು: "ನನ್ನ ನೇಣಿಗೆ ಹಾಕ್ತಾರಾ?" ಕೋಪವಿರಲಿಲ್ಲ ಅದರಲ್ಲಿ. ಮಳೆ ಬರುತ್ತದಾ ಎಂದು ಕೇಳಿದಂತಿತ್ತು. ಹಾಕಬಹುದು ಎಂದು ಜಯರಾಮನ್ನರಿಗೆ ಗೊತ್ತಿತ್ತು, ಹಾಕಿದರೆ ಹಗ್ಗ ಹೊಸೆದವರು ತಾವೇ ಎಂಬುದೂ ಗೊತ್ತಿತ್ತು.

ಭಾನುವಾರ ಅವರು ರಜೆಯ ನೆಪದಲ್ಲಿ, ಮಾದನನ್ನು ಜೊತೆಗಿಟ್ಟುಕೊಂಡು, ಮತ್ತೆ ತೊರೆಯ ದಡಕ್ಕೆ ಹೋಗಿ ಕೂತರು. ಬಿಸಿಲು ಮಂಜಿನೊಳಗೆ ಹಾಲಿನಂತೆ ಕರಗಿತ್ತು. ಮುರಿಯುವುದಕ್ಕೆಂದು ಗೆರೆ ಕೊರೆದವನು ಮೂರು ತಿಂಗಳಿಂದ ಊರಿಗೆಲ್ಲ ಹೇಳಿಕೊಂಡು ಬರುತ್ತಾನೆಯೇ? ಅಲ್ಲದೆ ಅಷ್ಟು ಉದ್ದದ ಗೆರೆಯನ್ನು ಅಡಿಯಿಂದ ಕೊರೆಯಬೇಕಾದರೆ, ಕಣ್ಣಿಗೆ ಚೂರು ಬೀಳಿಸಿಕೊಳ್ಳುತ್ತ ಎಷ್ಟೋ ದಿನ ನೀರಿನಲ್ಲಿ ನಿಲ್ಲಬೇಕು. ಯೋಚಿಸುತ್ತ ಯೋಚಿಸುತ್ತ ಅವರ ರೆಪ್ಪೆ ಕೂಡಿತು. ಯಾರೋ ನೀರಿನೊಳಗಿಂದ ತಲೆಯೆತ್ತಿ ಮೇಲೆ ನೋಡುತ್ತಿದ್ದಂತೆ, ಮೇಲೆ ಗೊರಸುಗಳು ಸದ್ದಿಲ್ಲದೆ ಹಾದುಹೋದಂತೆ ಒಂದು ತುಣುಕು ಕನಸು ಬಿತ್ತು. ಎಚ್ಚರವಾದಾಗ ಮಾದ ಮುಂದೆ ಒಂದು ಕ್ಯಾರೆಟ್ ಹಿಡಿದು ನಿಂತಿದ್ದ.

"ತಿನ್ನಿ ಸಾಹೇಬ್ರೆ. ಹೊಟ್ಟೆ ಖಾಲಿ ಇದ್ರೆ ಮಂಜು ತಲೆಗೆ ಹೋಗ್ತದೆ."

ಹೊಲದಿಂದ ಆಗತಾನೆ ಕಿತ್ತದ್ದು, ಚಳಿಗೆ ಬಿರುಸಾಗಿತ್ತು. ಮಾದನಿಗೆ ಪಾಲು ಕೊಡಲೆಂದು ಎರಡು ಕೈಯಲ್ಲಿ ಹಿಡಿದು ಬಗ್ಗಿಸಿದರು. ಲಟಕ್ಕೆಂದಿತು. ಜಯರಾಮನ್ ತುಂಡುಗಳನ್ನು ನೋಡುತ್ತ ಕೂತರು. ಉಬ್ಬಿದ ಮಗ್ಗುಲಲ್ಲಿ ಬಾಯಿಬಿಟ್ಟು ಮುರಿದಿತ್ತು. ಒಳಬಾಗಿದ ಮಗ್ಗುಲಲ್ಲಿ ಸಿಪ್ಪೆ ಇನ್ನೂ ಅಂಟಿಕೊಂಡಿತ್ತು.

"ಇನ್ನೊಂದು ತಾ."

ಎರಡನೆಯದಕ್ಕೆ ಚಾಕುವಿನಿಂದ ಒಂದು ಗೆರೆ ಎಳೆದು, ಗೆರೆ ಒಳಮಗ್ಗುಲಿಗೆ ಬರುವಂತೆ ಬಗ್ಗಿಸಿದರು. ಗೆರೆ ಮುಚ್ಚಿಕೊಂಡಿತು, ಕ್ಯಾರೆಟ್ ಬಾಗಿ ನಿಂತಿತು. ಅದನ್ನೇ ತಿರುಗಿಸಿ, ಗೆರೆ ಹೊರಮಗ್ಗುಲಿಗೆ ಬರುವಂತೆ ಹಿಡಿದು ಬೆರಳು ಒತ್ತುವಷ್ಟರಲ್ಲಿ ಮುರಿದೇ ಹೋಯಿತು. ಮಾದ ಹೊಲವೆಲ್ಲ ಖಾಲಿಯಾದೀತೆಂದು ಹೆದರಿ ನೋಡುತ್ತಿದ್ದ.

"ಮಾದ, ಈ ಗೆರೆ ಮೊದಲು ಮೇಲೆ ಇದ್ದಿದ್ದರೆ?"

"ಮೇಲೆ ಇದ್ರೆ ಎಲ್ಲರಿಗೂ ಕಾಣ್ತಿತ್ತಲ್ಲ ಸಾಹೇಬ್ರೆ."

"ಹೌದು. ಎಲ್ಲರಿಗೂ ಕಾಣುತ್ತಿತ್ತು. ಹೋಗು, ಹಟ್ಟಿಯವರನ್ನು ಕರೆ. ಹಾರೆ, ಹಗ್ಗ ತರಲಿ."

ಹನ್ನೆರಡು ಗಂಡಾಳುಗಳು ಸೇರಿ ಎರಡು ತುಂಡುಗಳನ್ನೂ ದಡಕ್ಕೆಳೆದು ಮಗುಚಿದರು. ಜಯರಾಮನ್ ತಾವು ಮೊದಲ ದಿನವೇ ಮಾಡಬೇಕಾಗಿದ್ದ ಕೆಲಸವನ್ನು ಈಗ ಮಾಡಿಸುತ್ತಿರುವ ನಾಚಿಕೆಯಲ್ಲಿ ಕಿವಿ ಬಿಸಿಯಾಗಿ ನಿಂತಿದ್ದರು. ಕೆಳಮೈ ಮೇಲಾಯಿತು, ನೀರು ಹರಿದು ಇಳಿಯಿತು. ಅಲ್ಲಿ ಎಮ್ಮೆಗಳಿದ್ದವು.

ಐದು ಎಮ್ಮೆಗಳು. ಒಂದರ ಹಿಂದೊಂದು, ಕಲ್ಲಿನ ಅಗಲಕ್ಕೂ ನಡೆದಿದ್ದವು. ಅವುಗಳ ಹಿಂದೆ ಕೋಲು ಹಿಡಿದ ಒಬ್ಬ ಚಿಕ್ಕ ಮನುಷ್ಯ. ಮೊದಲ ಎರಡರ ಕೊಂಬು ಸವೆದು ಹೋಗಿತ್ತು, ಮನುಷ್ಯನ ಮುಖವೂ ಸವೆದಿತ್ತು. ಅವೆಲ್ಲ ನಿಂತ ನೆಲವೆಂದು ಒಂದು ಆಳವಾದ ಗೆರೆ; ಕಲ್ಲು ಮುರಿದದ್ದು ಅದರಲ್ಲಿ. ಎಮ್ಮೆಗಳೆಲ್ಲ ಒಂದು ತುಂಡಿನಲ್ಲಿ ಉಳಿದಿದ್ದವು, ಅವುಗಳ ನೆಲ ಹೋಗಿತ್ತು. ಆ ಮೈ ಪೂರ್ತಿ ಕಾಲು, ಗೊರಸು ತಾಗಿ ತಾಗಿ ನುಣ್ಣಗಾಗಿತ್ತು. ಈಚೆಗೆ ಜನ ತುಳಿಯುತ್ತಿದ್ದ ಇನ್ನೊಂದು ಮೈಯಲ್ಲಿ ಮಾತ್ರ ಹಳೆಯ ಪಾಚಿಯ ಬೇರು ಇನ್ನೂ ಕಚ್ಚಿಕೊಂಡಿತ್ತು.

"ಹಿರಿಯನ ಎಮ್ಮೆಗಳು," ಎಂದ ಒಬ್ಬ, ಮುಂಡಾಸು ಸರಿಮಾಡಿಕೊಳ್ಳುತ್ತ.

"ಹಿರಿಯ ಯಾರು?"

"ರಂಗಿಯ ಮಗ. ಹುಡುಗಾಟಕ್ಕೆ ಕೊರೆದಿದ್ದ. ಆಮೇಲೆ ಜರ್ಮನ್ ಯುದ್ಧದಲ್ಲಿ ಕೂಲಿ ಪಡೆ ಸೇರಿ ಬಸ್ರಾಕ್ಕೆ ಹೋದ. ಬರಲಿಲ್ಲ."

"ಕಲ್ಲು ಯಾವಾಗ ಮಗುಚಿದಿರಿ?"

ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೋದ ಮಳೆಗಾಲದ ಪ್ರವಾಹದಲ್ಲಿ ಚಪ್ಪಡಿ ಕಟ್ಟೆಯಿಂದ ಜಾರಿತ್ತು. ಎತ್ತಿ ಕೂರಿಸುವಾಗ ರಂಗಿ ಬಂದು, ಈ ಸಲ ಎಮ್ಮೆಗಳು ಅಡಿಗೆ ಬರಲಿ ಎಂದು ಕೈಮುಗಿದಿದ್ದಳು. ಮುದುಕಿ ಕೇಳಿದ್ದು ಅಷ್ಟೇ ತಾನೆ ಎಂದು ಹಾಗೆಯೇ ಕೂರಿಸಿದ್ದರು.

"ಇದನ್ನು ಮೊನ್ನೆಯೇ ಯಾಕೆ ಹೇಳಲಿಲ್ಲ?"

"ಯಾರು ಕೊರೆದರು ಅಂತ ನಮ್ಮನ್ನ ಕೇಳ್ಲೇ ಇಲ್ಲ ಸಾಮಿ. ಈಚೆಗೆ ಯಾರಾದ್ರೂ ಕಲ್ಲು ಮುಟ್ಟಿದ್ರಾ ಅಂತ ಕೇಳಿದ್ರಿ, ಇಲ್ಲ ಅಂದ್ವಿ. ಕಲ್ಲಿಗೆ ಮೇಲೇನು, ಅಡಿಯೇನು?"

ಹಟ್ಟಿಯವರು ಹಾಗೆಂದದ್ದಕ್ಕೆ ಅವರನ್ನು ಬೈಯುವಂತಿರಲಿಲ್ಲ. ಬೆಳಗಿನ ಕ್ಯಾರೆಟ್ಟಿನವರೆಗೂ ಜಯರಾಮನ್ನರಿಗೂ ಅದೇ ಗೊತ್ತಿದ್ದದ್ದು.

ಅವರು ಮುರಿದ ಅಂಚಿಗೆ ಮುಖ ತಂದು ನೋಡಿದರು. ಒಡೆದ ಮೈ ಬಹುಪಾಲು ಸಕ್ಕರೆಯಂತೆ ಹೊಳೆಯುವ ಹೊಸ ಮುರಿತ. ಆದರೆ ಗೆರೆಯ ತಳಕ್ಕೆ ತಾಗಿದ ಹೆಬ್ಬೆರಳಗಲದ ಪಟ್ಟಿ ಕಪ್ಪಗಿತ್ತು. ಅಷ್ಟು ಭಾಗ ಮೊದಲೇ ಬಿರಿದು ತಿಂಗಳುಗಟ್ಟಲೆ ನೀರು ಕುಡಿದಿತ್ತು. ಆ ಕಪ್ಪಿನ ಮೇಲೆ ಮತ್ತೇನೋ ಮೆತ್ತಿತ್ತು. ಉಗುರಿನಿಂದ ಕೆರೆದರು. ಕೆಮ್ಮಣ್ಣು. ಒಂದು ಕಡೆ, ನೀರು ಮುಟ್ಟದ ಮೂಲೆಯಲ್ಲಿ, ಅದರ ಮೇಲೆ ಬೆರಳುಗಳ ಗುರುತು ಸಾಲಾಗಿ ಒಣಗಿ ಉಳಿದಿತ್ತು, ಬಿರುಕಿನೊಳಕ್ಕೆ ಮಣ್ಣು ಒತ್ತಿದ ಸಣ್ಣ ಬೆರಳುಗಳು.

ಜಯರಾಮನ್ ಎದ್ದು ನಿಂತು ಮೇಲೆ ನೋಡಿದರು. ಮಂಜು ಸರಿದಿತ್ತು. ರಂಗಿಯ ಮನೆಯ ಗೋಡೆಗೆ ಹೊಸದಾಗಿ ಕೆಮ್ಮಣ್ಣು ಸಾರಿಸಿತ್ತು.

ಸೋಮವಾರ ಲೋಕೋಪಯೋಗಿ ಇಲಾಖೆಯ ಓವರ್‌ಸಿಯರ್ ಬಾಲಸುಬ್ರಮಣಿಯನ್ ಅವರನ್ನು ಠಾಣೆಗೆ ಕರೆಸಿದರು. ಸೇತುವೆ, ಮೋರಿ ಕಟ್ಟಿಸಿ ತಲೆ ಬೆಳ್ಳಗಾದ ಮನುಷ್ಯ. ಇಂಥದ್ದನ್ನು ಕೇಳುವವರು ಸಿಕ್ಕಿದರೆ ಊಟ ಬಿಟ್ಟಾದರೂ ಹೇಳುವವರು. ಎರಡು ಇಟ್ಟಿಗೆಯ ಮೇಲೆ ಚಪ್ಪಟೆ ಹೆಂಚೊಂದನ್ನು ಸೇತುವೆಯಂತೆ ಇಟ್ಟರು. ಹೆಂಚಿನ ಮೇಲುಮೈಗೆ ನಡುವೆ ಗೆರೆ ಕೊರೆದಿತ್ತು. ಪಂಚರ ಎದುರು ಅಂಗಡಿಯ ತೂಕದ ಕಲ್ಲುಗಳನ್ನು ಒಂದೊಂದಾಗಿ ಏರಿಸಿದರು. ತೂಕದ ಕಲ್ಲುಗಳು ಮುಗಿದವು, ಹೆಂಚು ಅಲುಗಲಿಲ್ಲ. ಅದನ್ನೇ ಮಗುಚಿ ಗೆರೆಯನ್ನು ಅಡಿಗೆ ಮಾಡಿದರು. ಮೂರನೆಯ ಕಲ್ಲಿಗೆ ಹೆಂಚು ಎರಡಾಯಿತು.

"ನೋಡಿ," ಎಂದರು ಓವರ್‌ಸಿಯರ್, ಪುಡಿ ಕೊಡವಿಕೊಳ್ಳುತ್ತ. "ಭಾರ ಬಿದ್ದಾಗ ಕಲ್ಲೂ ಬಾಗುತ್ತದೆ. ನಮ್ಮ ಕಣ್ಣಿಗೆ ಕಾಣದಷ್ಟು. ಆಗ ಮೇಲಿನ ಮೈ ಒತ್ತಿಕೊಳ್ಳುತ್ತದೆ, ಅಡಿಯ ಮೈ ಎಳೆದುಕೊಳ್ಳುತ್ತದೆ. ಒತ್ತುವುದಕ್ಕೆ ಕಲ್ಲು ಜಗ್ಗುವುದಿಲ್ಲ, ಎಳೆಯುವುದನ್ನು ಮಾತ್ರ ಅದು ತಡೆಯಲಾರದು. ಅಡಿಯಲ್ಲಿ ಗೆರೆಯಿದ್ದರೆ ಎಳೆತವೆಲ್ಲ ಆ ಗೆರೆಯ ತುದಿಗೇ ಬಂದು ಸೇರುತ್ತದೆ."

"ಮುರಿಯುವ ಮೊದಲು ಏನಾದರೂ ಸೂಚನೆ?"

"ಕಬ್ಬಿಣವಾದರೆ ಬಾಗಿ ತೋರಿಸುತ್ತದೆ. ಕಲ್ಲು, ಗಾಜು, ಹೆಂಚು ತೋರಿಸುವುದಿಲ್ಲ. ಒಂದು ಕೂದಲೆಳೆಯ ಬಿರುಕು ಹುಟ್ಟಿ, ದಿನಕ್ಕಿಷ್ಟು ಬೆಳೆಯುತ್ತದೆ. ಅದನ್ನು ಅಡಿಯಿಂದ ನೋಡಿದವರಿಗೆ ಮಾತ್ರ ಗೊತ್ತಾದೀತು. ಸೇತುವೆಯನ್ನು ಅಡಿಯಿಂದ ಯಾರು ನೋಡುತ್ತಾರೆ?"

ಜಯರಾಮನ್ ಪ್ರಯೋಗದ ಪಂಚನಾಮೆಗೆ ಸಹಿ ಹಾಕಿಸಿದರು. ಜಡೆಯನ ಬಿಡುಗಡೆಗೆ ಇಷ್ಟೇ ಸಾಕಿತ್ತು. ಹುಡುಗಾಟಕ್ಕೆ ಕೊರೆದ ಚಿತ್ರ, ತಿಳಿಯದೆ ಮಗುಚಿದ ಕಲ್ಲು, ಆಕಸ್ಮಿಕ ಸಾವು ಎಂದು ಬರೆದರೆ ಯಾರೂ ಕೇಳುತ್ತಿರಲಿಲ್ಲ. ಕೆಮ್ಮಣ್ಣಿನ ಮಾತನ್ನು ಅವರು ಇನ್ನೂ ಮಾದನೊಬ್ಬನಿಗಲ್ಲದೆ ಯಾರಿಗೂ ಹೇಳಿರಲಿಲ್ಲ. ಒಂದು ಚೊಂಬು ನೀರು ಹೊಯ್ದರೆ ತೊಳೆದು ಹೋಗುವಂಥದ್ದು. ಮಾದ ಠಾಣೆಯ ಕುಡಿಯುವ ನೀರಿನ ಚೊಂಬಿನ ಹತ್ತಿರವೇ ನಿಂತಿದ್ದ, ಸಾಹೇಬರ ಮುಖ ನೋಡುತ್ತ. ಅವನೂ ಬಡಗನೇ, ಬೇರೊಂದು ಹಟ್ಟಿಯವನು.

ಆಗ ಹೊರಗೆ ಜಗಲಿಯ ಮೇಲೆ ವಳ್ಳಿ ಕೂತದ್ದು ಕಾಣಿಸಿತು. ಶುಕ್ರವಾರದಿಂದ ದಿನವೂ ಬಂದು ಕೂರುತ್ತಿದ್ದಳು. ಹೆಣ ಆಸ್ಪತ್ರೆಯ ಶವಾಗಾರದಲ್ಲಿತ್ತು. ಜಯರಾಮನ್ ಚೊಂಬಿನಿಂದ ಕಣ್ಣು ಕಿತ್ತು, ಟೋಪಿ ಹಾಕಿಕೊಂಡು ಎದ್ದರು.

ರಂಗಿ ಮನೆಯಲ್ಲಿರಲಿಲ್ಲ. ತೊರೆಯಲ್ಲಿ, ಚಪ್ಪಡಿ ಇದ್ದ ಜಾಗದ ಕೆಳಗೆ, ನೀರಿನಲ್ಲಿ ನಿಂತಿದ್ದಳು. ಮಧ್ಯಾಹ್ನ ಮೂರು ಗಂಟೆ. ಮಂಜು ಮತ್ತೆ ಇಳಿಯುತ್ತಿತ್ತು, ಅವಳು ಸೊಂಟದಿಂದ ಮೇಲೆ ಮಾತ್ರ ಇದ್ದಂತಿತ್ತು. ಅವಳು ಕತ್ತೆತ್ತಿ ನೋಡುತ್ತಿದ್ದಳು. ಅಲ್ಲಿ ಆಕಾಶವಲ್ಲದೆ ಏನೂ ಇರಲಿಲ್ಲ.

ಜಯರಾಮನ್ ದಡದಲ್ಲೇ ಕೂತರು. "ಹೆತ್ತೆ, ಒಂದು ಮಾತು ಮೊದಲೇ ಹೇಳುತ್ತೇನೆ. ಪೊಲೀಸರ ಮುಂದೆ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಹೇಳಬೇಕೆಂದು ಬಲವಂತವಿಲ್ಲ."

"ಕೇಳಿ, ಸಾಮಿ."

"ಬಿರುಕು ಯಾವಾಗ ಕಂಡಿತು?"

ಅವಳು ಯಾವ ಬಿರುಕು ಎನ್ನಲಿಲ್ಲ. "ದೀಪಾವಳಿ ಕಳೆದ ಮೇಲೆ."

"ಹೇಗೆ ಕಂಡಿತು?"

"ದಿನಾ ಇಲ್ಲೇ ನೀರಿಗೆ ಬರ್ತಿದ್ದೆ. ಬಿಸಿಲು ನೀರಿಗೆ ಬಿದ್ದು, ನೀರಿನ ಬೆಳಕು ಮೇಲೆ ಕಲ್ಲಿಗೆ ಹೊಡೀತಿತ್ತು. ಆಗ ಎಮ್ಮೆಗಳು ನಡೆಯೋವು ಸಾಮಿ. ನಿಜವಾಗ್ಲೂ ನಡೆಯೋವು. ಅವನೂ ಹಿಂದೆ ಹಿಂದೆ ನಡೆಯೋನು."

ತಮಗೆ ದಡದಲ್ಲಿ ಬಿದ್ದ ಕನಸು ಜಯರಾಮನ್ನರಿಗೆ ನೆನಪಾಯಿತು.

"ಮಗುಚಿಸಿದ್ದು ಯಾಕೆ?"

"ಅವನ ಮುಖ ಸವೀತಾ ಇತ್ತು. ವರ್ಷಕ್ಕಿಷ್ಟು. ಕುದುರೆ ಬಂದ ಮೇಲೆ ಬೇಗ ಬೇಗ ಸವೀತು. ಹೆಣ ಬರಲಿಲ್ಲ ಅಂತ ಹಟ್ಟಿಯೋರು ಅವನಿಗೆ ಸಾವು ಮಾಡಲಿಲ್ಲ, ಕರ್ಮ ನಡೆಸಲಿಲ್ಲ. ಸತ್ತೋರು ಆಚೆ ಲೋಕಕ್ಕೆ ದಾಟೋ ಸೇತುವೆ, ಆ ಪಾಲ, ಗಟ್ಟಿ ಇರಲಿ ಅಂತ ಎಲ್ಲರಿಗೂ ಹಿರಿಯರು ಹೇಳ್ತಾರೆ. ಅವನಿಗೆ ಯಾರೂ ಹೇಳಲಿಲ್ಲ. ಅವನದು ಅಂತ ಉಳಿದದ್ದು ಆ ಕಲ್ಲೊಂದೇ. ಅದನ್ನೂ ಎಲ್ಲರೂ ತುಳಿದು ಅಳಿಸ್ತಾ ಇದ್ರು."

"ಬಿರುಕು ಕಂಡ ಮೇಲೆ?"

"ಗೋಡೆ ಬಿರುಕಿಗೆ ಹಾಕ್ತೀವಲ್ಲ, ಹಂಗೆ ಮಣ್ಣು ಹಾಕಿದೆ. ನೀರಿಗೆ ತೊಳೆದು ಹೋಗೋದು. ಮತ್ತೆ ಹಾಕೋಳು."

"ಹಟ್ಟಿಯವರಿಗೆ ಹೇಳಬಹುದಿತ್ತು."

"ಹೇಳಿದ್ರೆ ತಿರುಗಿಸ್ತಿದ್ರು."

"ಜಡೆಯ ಹೇಳಿದಾಗ?"

"ಎಲ್ಲರ ಜೊತೆ ನಾನೂ ನಕ್ಕೆ." ಅವಳ ದನಿ ಮೊದಲ ಸಲ ತಗ್ಗಿತು. "ಅವನನ್ನ ಹಿಡಕೊಂಡು ಹೋದಾಗ ಬಾಯಿ ಬಿಡಬೇಕು ಅಂತ ಬಾಗಿಲ ತನಕ ಬಂದೆ. ಕಾಲು ಬರಲಿಲ್ಲ."

ಜಯರಾಮನ್ ಅವಳ ಕೈಯ ಬಟ್ಟೆಯನ್ನು ನೋಡಿದರು. "ಶುಕ್ರವಾರ ಬೆಳಗ್ಗೆ ನೀವು ಇಲ್ಲೇ ಇದ್ದಿರಿ."

"ಇದ್ದೆ. ಕುದುರೆ ಗೆಜ್ಜೆ ಕೇಳ್ತು. ಮೇಲೆ ನೋಡಿದೆ, ಗೆರೆ ಬಾಯಿ ಬಿಡ್ತಾ ಇತ್ತು. ಎರಡೂ ಕೈ ಎತ್ತಿ ಕಲ್ಲಿಗೆ ಒತ್ತಿ ಹಿಡಿದೆ."

"ಕೂಗಲಿಲ್ಲವೇ? ನಿಲ್ಲು ಎಂದು ಒಂದು ಮಾತು?"

ನೀರು ರಂಗಿಯ ಸುತ್ತ ಹರಿಯುತ್ತಿತ್ತು.

"ನಿಲ್ಲು ಅಂದ್ರೆ ಯಾಕೆ ಅಂತ ಕೇಳ್ತಿದ್ದ," ಎಂದಳು. "ಆಗ ಅದೇ ನೆನಪಾಯ್ತು ಸಾಮಿ. ಎಮ್ಮೆಗಳು ಬೀಳ್ತಾವೆ ಅಂತ ಹಿಡಿದೆ. ಮೇಲೆ ಒಬ್ಬ ಮನುಷ್ಯ ಇದ್ದಾನೆ ಅಂತ, ಅವನು ನನ್ನ ಮುಂದೆ ಬಿದ್ದ ಮೇಲೇ ತಿಳೀತು."

ಮಾದ ಮುಖ ತಿರುಗಿಸಿಕೊಂಡು ನಿಂತಿದ್ದ. ಜಯರಾಮನ್ ನೀರಿಗಿಳಿದು ಮುದುಕಿಯ ಎಡಗೈ ಹಿಡಿದು ದಡಕ್ಕೆ ತಂದರು. ಆಮೇಲೆ ಹೇಳಬೇಕಾದದ್ದನ್ನು ಹೇಳಿದರು, ಅಪಾಯ ಬಲ್ಲವಳಾಗಿಯೂ ಮುಚ್ಚಿಟ್ಟು ಒಬ್ಬನ ಸಾವಿಗೆ ಕಾರಣಳಾದದ್ದಕ್ಕೆ 304-ಎ ಕಲಂ ಅಡಿ ದಸ್ತಗಿರಿ ಮಾಡುತ್ತಿದ್ದೇವೆ ಎಂದು. ಸಮಯ ಮೂರೂ ಮುಕ್ಕಾಲು. ಅವಳು ತಲೆಯಾಡಿಸಿ, ಮನೆಗೆ ಹೋಗಿ ಒಲೆ ಆರಿಸಿ, ಬಾಗಿಲು ಎಳೆದುಕೊಂಡು ಬಂದಳು.

ಠಾಣೆಯ ಜಗಲಿಯ ಮೇಲೆ ವಳ್ಳಿ ಎದ್ದು ನಿಂತಳು. ಜಯರಾಮನ್ ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಅವಳಿಗೆ ಹೇಳಿದರು. ಅವಳು ಮುದುಕಿಯನ್ನು ಅಡಿಯಿಂದ ಮುಡಿಯ ತನಕ ನೋಡಿದಳು. ಬೈಗುಳಕ್ಕೆ ಸಿದ್ಧವಾಗಿ ಮಾದ ನಡುವೆ ಬಂದು ನಿಂತ.

"ಅವರು ಬಿದ್ದ ಮೇಲೆ ಜೀವ ಇತ್ತಾ?" ಎಂದು ವಳ್ಳಿ ಕೇಳಿದಳು.

"ಇತ್ತು," ಎಂದಳು ರಂಗಿ. "ತಲೆ ನನ್ನ ತೊಡೆ ಮೇಲೆ ಇಟ್ಟುಕೊಂಡಿದ್ದೆ. ಕುದುರೆ ಏನಾಯ್ತು ಅಂತ ಕೇಳಿದ. ಎದ್ದು ಹೋಯ್ತು ಅಂದೆ. ಆಮೇಲೆ ಮಾತಾಡಲಿಲ್ಲ. ಜನ ಬರೋ ಸದ್ದಾದಾಗ ಎದ್ದು ಮನೆಗೆ ಹೋದೆ."

ವಳ್ಳಿ ಜಗಲಿಯ ಮೇಲೆ ಕುಸಿದು ಕೂತು, ಆ ನಾಲ್ಕು ದಿನದಲ್ಲಿ ಮೊದಲ ಸಲ ಅತ್ತಳು. ರಂಗಿ ಸ್ವಲ್ಪ ದೂರದಲ್ಲಿ ನಿಂತೇ ಇದ್ದಳು. ಮರುದಿನ ವಳ್ಳಿ ಗಂಡನ ಹೆಣ ತೆಗೆದುಕೊಂಡು ಹೋಗಿ ಮಣ್ಣು ಮಾಡಿದಳು.

ಜಡೆಯ ಬಿಡುಗಡೆಯಾಗಿ ಬಂದು ತೊರೆಗೆ ಹೊಸ ಚಪ್ಪಡಿ ಕೂರಿಸಿದ. ರಂಗಿ ಮ್ಯಾಜಿಸ್ಟ್ರೇಟರ ಮುಂದೆ ಇದೇ ಮಾತುಗಳನ್ನು ಹೇಳಿದಳು. ಹತ್ತು ತಿಂಗಳ ಸಾದಾ ಶಿಕ್ಷೆಯಾಯಿತು. ಮುದ್ದೆಮಾಲು ಎಂದು ಚೀಟಿ ಅಂಟಿಸಿದ ಎರಡು ತುಂಡುಗಳು ಠಾಣೆಯ ಹಿತ್ತಲಿಗೆ ಬಂದವು. ನೆಲದ ಗೆರೆಯ ಆಚೆಯ ಖಾಲಿ ತುಂಡಿನ ಮೇಲೆ ಕಾನ್‌ಸ್ಟೆಬಲ್ಲರು ಬಟ್ಟೆ ಒಗೆಯತೊಡಗಿದರು. ಎಮ್ಮೆಗಳ ತುಂಡನ್ನು ಜಯರಾಮನ್ ಗೋಡೆಗೆ ಒರಗಿಸಿ ನಿಲ್ಲಿಸಿದ್ದರು.

ಶಿಕ್ಷೆ ಮುಗಿಸಿದ ದಿನ ರಂಗಿ ನೇರ ಅಲ್ಲಿಗೇ ಬಂದಳು. ಕಲ್ಲನ್ನು ಕೊಡುತ್ತೀರಾ ಎಂದು ಕೇಳಿಯಾಳೆಂದು ಜಯರಾಮನ್ ಅಪ್ಪಣೆಯ ಕಾಗದವನ್ನು ಮೊದಲೇ ಸಿದ್ಧಮಾಡಿಟ್ಟಿದ್ದರು. ಅವಳು ಕೇಳಲಿಲ್ಲ. ಸವೆದ ಮುಖದ ಮೇಲೆ ಒಮ್ಮೆ ಕೈಯಾಡಿಸಿದಳು. ಬಲಗೈ ಇನ್ನೂ ಪೂರ್ತಿ ನೆಟ್ಟಗಾಗಿರಲಿಲ್ಲ.

"ಜೈಲಲ್ಲಿ ಇವನಿಗೆ ನಾನೇ ಸಾವು ಮಾಡಿದೆ, ಸಾಮಿ," ಎಂದಳು. "ಹಿರಿಯರು ಹೇಳೋ ಮಾತು ನನಗೆ ಪೂರ್ತಿ ಬರಲ್ಲ. ಬಂದಷ್ಟು ಹೇಳಿದೆ. ಆ ಕುದುರೆಯೋನ ಹೆಸರೂ ಸೇರಿಸಿದೆ, ಇಬ್ಬರೂ ಒಟ್ಟಿಗೆ ದಾಟಲಿ ಅಂತ."

ಆಮೇಲೆ ಕಲ್ಲನ್ನು ಎಲ್ಲಿ ಹಾಕಬೇಕೆಂದು ಹೇಳಿದಳು. ಮಾದ ನಾಲ್ಕು ಆಳು ಕರೆತಂದು ತೊರೆಯ ದಡದ ಮೆಟ್ಟಿಲಿನ ಕೆಳಗೆ, ಮಣ್ಣಿನ ಮೇಲೆ ಸಮನಾಗಿ, ಎಮ್ಮೆಗಳು ಮೇಲಕ್ಕೆ ಬರುವಂತೆ ಹಾಸಿದ. ಗಂಡನ ಜಾಗದಲ್ಲಿ ಈಗ ವಳ್ಳಿಯೇ ಆ ಕುದುರೆ ಹೊಡೆಯುತ್ತಿದ್ದಳು. ಹೊಸ ಚಪ್ಪಡಿಗೆ ಹತ್ತುವ ಮೊದಲು ಕುದುರೆ ಆ ಕಲ್ಲಿನ ಮೇಲೆಯೇ ಕಾಲಿಟ್ಟು ಹೋಗಬೇಕಿತ್ತು. ಮೊದಲ ದಿನ ಅವಳು ಲಗಾಮು ಹಿಡಿದು ನಿಂತುಬಿಟ್ಟಳು. ಮನೆಯ ಬಾಗಿಲಲ್ಲಿ ಕೂತಿದ್ದ ರಂಗಿ, "ಬಾ, ತುಳಿದು ಬಾ," ಎಂದು ಕೂಗಿ ಕರೆದಳು.